ಹತ್ತು ಕಟ್ಟಿದ್ದೀರಿ, ಲೆಕ್ಕ ಬರೆದಿಲ್ಲ

ಪ್ರಶ್ನೆ: ನನಗೀಗ 44 ವರ್ಷ. ತೀರ್ಥಹಳ್ಳಿ ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ 2004ರಲ್ಲಿ ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದರ ಡೆಸ್ಕಿಗೆ ಸೇರಿದೆ. ನಾಲ್ಕು ವರ್ಷ ರಾತ್ರಿಪಾಳಿ ಮಾಡಿದ ಮೇಲೆ ಶಾಲಾ ಪಠ್ಯಪುಸ್ತಕ ಪ್ರಕಟಿಸುವ ಸಂಸ್ಥೆಯಲ್ಲಿ ಮೂರು ವರ್ಷ ಸಂಪಾದಕಿಯಾಗಿದ್ದೆ. 2012ರಿಂದ ಐದು ವರ್ಷ ಒಮಾನ್‌ನ ಕಾಲೇಜೊಂದರಲ್ಲಿ ಫೌಂಡೇಶನ್ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸಿದೆ. ಅಪ್ಪನಿಗೆ ಹುಷಾರಿಲ್ಲವೆಂದು ಊರಿಗೆ ಬಂದವಳು ಅವರು ತೀರಿಕೊಂಡ ಮೇಲೂ ಇಲ್ಲೇ ಉಳಿದೆ. ಅಂದಿನಿಂದ ಜಪಾನ್, ಕೊರಿಯಾ, ಚೀನಾದ ಸಂಶೋಧಕರ ಪ್ರಬಂಧಗಳನ್ನು ಮನೆಯಿಂದಲೇ ತಿದ್ದಿಕೊಡುತ್ತಿದ್ದೇನೆ. ಈಚೆಗೆ ಆ ಕೆಲಸ ಅರ್ಧಕ್ಕಿಳಿದಿದೆ. ಎಲ್ಲರೂ ಎಐ ಕೈಲಿ ತಿದ್ದಿಸಿಕೊಳ್ಳುತ್ತಾರೆ.

ಮದುವೆಯಾಗಿಲ್ಲ. ಅಮ್ಮನಿಗೆ 73. ಅಣ್ಣ ತೋಟ ನೋಡಿಕೊಂಡು ಪಕ್ಕದ ಮನೆಯಲ್ಲೇ ಇದ್ದಾನೆ. ‘ಹತ್ತು ಕಟ್ಟುವ ಬದಲು ಒಂದು ಮುತ್ತು ಕಟ್ಟು ಅಂತ ಆವತ್ತೇ ಹೇಳಿದ್ದೆ’ ಎನ್ನುವುದು ಅವನ ನಿತ್ಯದ ಮಾತು. ನನ್ನ ಜೊತೆ ಎಂ.ಎ. ಮಾಡಿದವರು ಇವತ್ತು ಕಾಲೇಜುಗಳಲ್ಲಿ ಪ್ರೊಫೆಸರುಗಳು. ಮನೆ ಕಟ್ಟಿದ್ದಾರೆ. ಮೊನ್ನೆ ಖಾಸಗಿ ಕಾಲೇಜೊಂದರ ಸಂದರ್ಶನಕ್ಕೆ ಹೋಗಿದ್ದೆ. ನನ್ನ ಬಯೋಡೇಟಾ ತಿರುವಿಹಾಕಿದವರು ‘ಅಲ್ಲಮ್ಮಾ, ನೀವು ಪತ್ರಕರ್ತೆಯೋ, ಎಡಿಟರೋ, ಟೀಚರೋ?’ ಎಂದು ಕೇಳಿದರು. ಬಾಯಿ ಕಟ್ಟಿಹೋಯಿತು.

ಈಗ ವಿಯೆಟ್ನಾಂನ ಹೋ ಚಿ ಮಿನ್ ನಗರದ ಇಂಗ್ಲಿಷ್ ಕಲಿಕಾ ಕೇಂದ್ರವೊಂದು ಕರೆದಿದೆ. ‘ಟೂರಿಸ್ಟ್ ವೀಸಾದಲ್ಲಿ ಬಂದುಬಿಡಿ, ಉಳಿದದ್ದು ಇಲ್ಲಿ ನೋಡಿಕೊಳ್ಳೋಣ’ ಎನ್ನುತ್ತಾರೆ. ಮಧ್ಯೆ ಇರುವ ಏಜೆಂಟ್ ಒಂದೂವರೆ ಲಕ್ಷ ಕೇಳುತ್ತಿದ್ದಾನೆ. ಹೋಗಲೋ ಬೇಡವೋ? ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತು ವರ್ಷ ನಾನು ಮಾಡಿದ್ದಾದರೂ ಏನು? ಪುಸ್ತಕವೊಂದು ಬರೆಯಬೇಕೆಂದಿದ್ದೆ, ಅದೂ ಆಗಲಿಲ್ಲ. ಕನ್ನಡದ ಒಂದಷ್ಟು ಕತೆಗಳನ್ನು ಇಂಗ್ಲಿಷಿಗೆ ಮಾಡಿಟ್ಟಿದ್ದೇನೆ, ಯಾರಿಗೂ ತೋರಿಸಿಲ್ಲ.

– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಮೊದಲು ಅವಸರದ ವಿಷಯ ಮುಗಿಸೋಣ. ಆ ಕಲಿಕಾ ಕೇಂದ್ರಕ್ಕೆ ಇವತ್ತೇ ‘ವರ್ಕ್ ಪರ್ಮಿಟ್ ಇಲ್ಲದೆ ಬರುವುದಿಲ್ಲ’ ಎಂದು ಒಂದೇ ಸಾಲಿನ ಮೇಲ್ ಕಳಿಸಿ. ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ವಿಯೆಟ್ನಾಂನಲ್ಲಿ ವಿದೇಶಿಯರು ಇಂಗ್ಲಿಷ್ ಪಾಠ ಹೇಳಬೇಕಾದರೆ ವರ್ಕ್ ಪರ್ಮಿಟ್ ಬೇಕು. ಅದಕ್ಕೆ ಪದವಿ ಪ್ರಮಾಣಪತ್ರ, ಇಂಗ್ಲಿಷ್ ಬೋಧನೆಯ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ ಎಲ್ಲ ಆಗಬೇಕು. ಇಲ್ಲಿನ ಕಾಗದಗಳಿಗೆ ಸರಕಾರದ ದೃಢೀಕರಣವೂ ಬೇಕು. ಪ್ರವಾಸಿಯಾಗಿ ಹೋಗಿ ಕುಳಿತ ಮೇಲೆ ಈ ಓಡಾಟಕ್ಕೆಲ್ಲ ಅಣ್ಣನನ್ನು ಬೆಂಗಳೂರಿಗೆ ಅಟ್ಟಬೇಕಾಗುತ್ತದೆ. ಅಷ್ಟರಲ್ಲಿ ಸಂಬಳ ನಿಂತರೆ ದೂರು ಕೊಡುವ ಹಾಗೂ ಇಲ್ಲ, ಕಾನೂನಿನ ಕಣ್ಣಲ್ಲಿ ನೀವು ಅಲ್ಲಿ ಕೆಲಸಕ್ಕೇ ಇಲ್ಲ. ಸಿಕ್ಕಿಬಿದ್ದರೆ ಗಡೀಪಾರಾಗುವುದೂ ನೀವೇ.

ಏಜೆಂಟನ ವಿಚಾರ. ವಿದೇಶದಲ್ಲಿ ಉದ್ಯೋಗ ಕೊಡಿಸುವ ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ನಮ್ಮ ಸರಕಾರ 30,000 ರೂಪಾಯಿಯ ಮಿತಿ ಹಾಕಿದೆ. ಅದರ ಮೇಲೆ ಜಿಎಸ್‌ಟಿ, ಅಷ್ಟೇ. ಯಾರು ನೋಂದಾಯಿತರು ಎಂಬ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆ. ಒಂದೂವರೆ ಲಕ್ಷ ಕೇಳಿದಾಗಲೇ ಆತ ಯಾವ ಪೈಕಿ ಎಂಬುದು ಗೊತ್ತಾಯಿತಲ್ಲ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಇಪ್ಪತ್ತು ವರ್ಷ ಮಾಡಿದ್ದೇನು?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ಕಡೆಯೂ ನೀವು ಮಾಡಿದ್ದು ಒಂದೇ ಕೆಲಸ. ಡೆಸ್ಕಿನಲ್ಲಿ ಕೂತು ಜಿಲ್ಲೆಗಳ ವರದಿಗಾರರು ಕಳಿಸಿದ ಇಂಗ್ಲಿಷನ್ನು ಓದುವ ಹಾಗೆ ಮಾಡಿದಿರಿ. ಪಠ್ಯಪುಸ್ತಕದಲ್ಲಿ ಮೇಷ್ಟ್ರುಗಳು ಬರೆದ ಪಾಠವನ್ನು ಆರನೇ ತರಗತಿಯ ಮಗುವಿನ ಅಳತೆಗೆ ಇಳಿಸಿದಿರಿ. ಒಮಾನ್‌ನಲ್ಲಿ ಅರಬ್ಬಿ ಮಾಧ್ಯಮದಿಂದ ಬಂದ ಹುಡುಗರಿಗೆ ಪ್ಯಾರಾಗ್ರಾಫ್ ಬರೆಯಲು ಕಲಿಸಿದಿರಿ. ಈಗ ಜಪಾನಿನ ವಿಜ್ಞಾನಿ ಬರೆದದ್ದನ್ನು ಜರ್ನಲ್ ಒಪ್ಪುವಂತೆ ತಿದ್ದುತ್ತಿದ್ದೀರಿ. ಇವರಲ್ಲಿ ಬಹುಪಾಲು ಜನರಿಗೆ ಇಂಗ್ಲಿಷ್ ಮನೆಮಾತಲ್ಲ, ಆದರೆ ಎಲ್ಲರೂ ಇಂಗ್ಲಿಷಿನಲ್ಲಿ ಬರೆಯಲೇಬೇಕಿತ್ತು. ಅವರ ಪಕ್ಕದಲ್ಲಿ ಕೂತವರು ನೀವು. ಸಂದರ್ಶನದಲ್ಲಿ ಹೇಳಬೇಕಿದ್ದ ಉತ್ತರವೂ ಇದೇ. ಬಾಯಿಪಾಠ ಮಾಡಿಕೊಳ್ಳಿ: ‘ಇಂಗ್ಲಿಷ್ ಮನೆಮಾತಲ್ಲದವರು ಇಂಗ್ಲಿಷಿನಲ್ಲಿ ಬರೆಯುವುದಕ್ಕೆ ನೆರವಾಗುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ.’

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಒಮಾನ್‌ನ ತರಗತಿಯನ್ನೇ ನೆನಪಿಸಿಕೊಳ್ಳಿ. ಅರಬ್ಬಿಯಲ್ಲಿ ‘ಪ’ ಇಲ್ಲದ್ದರಿಂದ ‘ಪೆಪ್ಸಿ’ ಅವರ ಬಾಯಲ್ಲಿ ‘ಬೆಬ್ಸಿ’ ಆಗುವುದನ್ನು ಹೊಸ ಟೀಚರೂ ಗುರುತಿಸುತ್ತಾರೆ. ಹುಡುಗ ‘ಮೈ ಫಾದರ್ ಡಾಕ್ಟರ್’ ಎಂದು ಬರೆದಾಗ ಇಂಗ್ಲೆಂಡಿನಿಂದ ಬಂದವರಿಗೆ ಕ್ರಿಯಾಪದ ನುಂಗಿದ್ದು ಯಾಕೆಂದು ತಟ್ಟನೆ ಹೊಳೆಯಲಿಕ್ಕಿಲ್ಲ. ನಿಮಗೆ ಹೊಳೆಯುತ್ತದೆ. ‘ನಮ್ಮಪ್ಪ ಡಾಕ್ಟರು’ ಎಂದರೆ ಕನ್ನಡದಲ್ಲಿ ವಾಕ್ಯ ಪೂರ್ತಿ, ಅರಬ್ಬಿಯಲ್ಲೂ ಪೂರ್ತಿ. ಜಪಾನಿ, ಕೊರಿಯನ್ ಭಾಷೆಗಳಲ್ಲಿ ಕ್ರಿಯಾಪದ ನಮ್ಮ ಹಾಗೆಯೇ ಕೊನೆಗೆ ಬರುತ್ತದೆ, ವಿಭಕ್ತಿಯಂಥವು ನಾಮಪದದ ಬೆನ್ನಿಗೆ ಹತ್ತುತ್ತವೆ. ಆ ದೇಶಗಳ ಸಂಶೋಧಕರ ಉದ್ದುದ್ದ ವಾಕ್ಯ ಎಲ್ಲಿ ಜೋತುಬೀಳುತ್ತದೆ ಎಂಬುದನ್ನು ಮೂಲ ಕಾಣದೆಯೇ ಹೇಳಬಲ್ಲಿರಿ. ಇದು ಕನ್ನಡ ಮಾಧ್ಯಮದಲ್ಲಿ ಓದಿ ಆಮೇಲೆ ಇಂಗ್ಲಿಷ್ ಕಲಿತವರಿಗೆ ಸಿಗುವ ಅನುಕೂಲ. ಅದನ್ನು ಬಯೋಡೇಟಾದಲ್ಲಿ ಮುಚ್ಚಿಡುವವರೇ ಹೆಚ್ಚು.

ನಿಮ್ಮಣ್ಣನ ಮಾತಿಗೆ ಬರೋಣ. ಅವರ ತೋಟದಲ್ಲಿ ಬರೀ ಅಡಕೆ ಇರಲಾರದು. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ, ನಡುವೆ ಬಾಳೆ, ಏಲಕ್ಕಿ ಇರುತ್ತವೆ. ಎಲೆಚುಕ್ಕೆ ರೋಗ ಬಂದು ಅಡಕೆ ಕೈಕೊಟ್ಟ ವರ್ಷ ಮೆಣಸು ಕೈಹಿಡಿದದ್ದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತಮ್ಮ ತೋಟಕ್ಕೆ ಅವರು ಮುತ್ತಿನ ಗಾದೆ ಅನ್ವಯಿಸುವುದಿಲ್ಲ. ಆದರೆ ಒಂದು ವಿಷಯದಲ್ಲಿ ಅವರು ನಿಮಗಿಂತ ಮುಂದಿದ್ದಾರೆ. ಯಾವ ಬೆಳೆ ಎಷ್ಟು ತೂಗಿತು, ಯಾವ ಮಂಡಿಗೆ ಹೋಯಿತು, ಎಷ್ಟು ಬಂತು ಎಂಬ ಚೀಟಿ ಅವರ ಹತ್ತಿರ ಇದೆ. ನಿಮ್ಮ ಹತ್ತಿರ ಇಲ್ಲ. ಪತ್ರದಲ್ಲಿ ವರ್ಷಗಳು ಇವೆ, ಬೇಸರ ಇದೆ. ಪಿಎಫ್ ಎಲ್ಲಿದೆ, ಅನುಭವ ಪತ್ರ ಇದೆಯೇ, ಎಷ್ಟು ಪ್ರಬಂಧ ಯಾವ ಜರ್ನಲಿನಲ್ಲಿ ಬಂದವು ಎಂಬ ಒಂದು ಮಾತೂ ಇಲ್ಲ. ನಿಮ್ಮ ಕೆಲಸ ಚದುರಿಲ್ಲ. ಚದುರಿರುವುದು ಕಾಗದ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಇಂಥ ಪತ್ರಗಳಿಗೆ ಉತ್ತರಿಸುವಾಗ ದೊಡ್ಡವರ ಉದಾಹರಣೆ ಕೊಟ್ಟು ಬೆನ್ನು ತಟ್ಟುವ ರೂಢಿ ಇದೆ. ಪಿ. ಲಂಕೇಶ್ ಇಂಗ್ಲಿಷ್ ಮೇಷ್ಟ್ರಾಗಿದ್ದವರು ಸಿನಿಮಾ ಮಾಡಿ, 1980ರಲ್ಲಿ ‘ಲಂಕೇಶ್ ಪತ್ರಿಕೆ’ ತೆಗೆದರು. ಕಾಸರಗೋಡು ಸೀಮೆಯ ಕವಿ ಕೆ.ವಿ. ತಿರುಮಲೇಶ್ ಹೈದರಾಬಾದಿನ ಭಾಷಾ ಸಂಸ್ಥೆ ಸಿಐಇಎಫ್‌ಎಲ್‌ನಲ್ಲಿ ದೀರ್ಘಕಾಲ ಇದ್ದು ಯೆಮನ್‌ನಲ್ಲೂ ಇಂಗ್ಲಿಷ್ ಕಲಿಸಿದರು. ಜೊತೆಗೆ ಕವಿತೆ, ವಿಮರ್ಶೆ, ಅನುವಾದ. ಎ.ಕೆ. ರಾಮಾನುಜನ್ ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳಿದವರು ಷಿಕಾಗೋದಲ್ಲಿ ಪ್ರೊಫೆಸರಾದರು. ಕೇಳಲು ಹಿತವಾಗಿರುತ್ತದೆ. ಆದರೆ ತಿರುಮಲೇಶ್, ರಾಮಾನುಜನ್ ಇಬ್ಬರ ಬಹುಮುಖ ಕೆಲಸದ ಅಡಿಯಲ್ಲೂ ಒಂದು ಖಾಯಂ ಹುದ್ದೆ ಇತ್ತು, ತಿಂಗಳಿಗೊಮ್ಮೆ ಸಂಬಳ ಬರುತ್ತಿತ್ತು. ಲಂಕೇಶರು ಆ ನೆಲವನ್ನು ಬಿಟ್ಟು ಪತ್ರಿಕೆ ಎಂಬ ಇನ್ನೊಂದು ನೆಲವನ್ನು ತಾವೇ ಹಾಕಿಕೊಂಡರು. ನಿಮಗೆ ಇರುವುದು ಗೋಡೆಗಳು ಮಾತ್ರ. ನೆಲ ಹಾಕುವ ಕೆಲಸ ಬಾಕಿಯಿದೆ, 44ಕ್ಕೆ ಅದು ತಡವಲ್ಲ.

ನೆಲ ಹಾಕುವುದು ಪಿಎಫ್‌ನಿಂದ ಶುರುವಾಗಲಿ. ಪತ್ರಿಕೆಯಲ್ಲಿ ನಾಲ್ಕು, ಪ್ರಕಾಶನದಲ್ಲಿ ಮೂರು, ಒಟ್ಟು ಏಳು ವರ್ಷ ನಿಮ್ಮ ಹೆಸರಿನಲ್ಲಿ ಪಿಎಫ್ ಕಟ್ಟಿರಬೇಕು. ಯುಎಎನ್ ಎಂಬ ಒಂದೇ ಸಂಖ್ಯೆಯ ಪದ್ಧತಿ ಬಂದದ್ದು 2014ರಲ್ಲಿ. ನೀವು ಅದಕ್ಕೂ ಮೊದಲೇ ಕೆಲಸ ಬಿಟ್ಟವರು. ಹಾಗಾಗಿ ಎರಡು ಹಳೆಯ ಖಾತೆಗಳು ಎರಡು ಕಡೆ ಬಿದ್ದಿರುವ ಸಾಧ್ಯತೆಯೇ ಹೆಚ್ಚು. ಹಳೆಯ ಸಂಬಳದ ಚೀಟಿ, ನೇಮಕಾತಿ ಪತ್ರ ಹುಡುಕಿ, ಖಾತೆ ಸಂಖ್ಯೆ ತೆಗೆದು, ಪಿಎಫ್ ಕಚೇರಿಯಲ್ಲಿ ಎರಡನ್ನೂ ಒಂದೇ ಯುಎಎನ್‌ಗೆ ಸೇರಿಸಿ. ನೌಕರರ ಪಿಂಚಣಿ ಯೋಜನೆಯಲ್ಲಿ 58ರ ನಂತರ ಪಿಂಚಣಿ ಸಿಗಲು 10 ವರ್ಷದ ಸೇವೆ ಬೇಕು. ನಿಮ್ಮದು ಏಳು. ಪಿಂಚಣಿಯ ಪಾಲಿಗೆ ಕಟ್ಟಿದ್ದನ್ನು ವಾಪಸ್ ತೆಗೆದುಕೊಂಡರೆ ಆ ಏಳು ವರ್ಷ ಅಳಿಸಿಹೋಗುತ್ತದೆ. ವಾಪಸ್ ಪಡೆಯಲು ತುಂಬುವ ಫಾರಂ 10ಸಿಯಲ್ಲೇ ಹಣದ ಬದಲು ‘ಸ್ಕೀಮ್ ಸರ್ಟಿಫಿಕೇಟ್’ ಕೇಳಬಹುದು. ಆಗ ಸೇವೆ ಲೆಕ್ಕದಲ್ಲಿ ಉಳಿಯುತ್ತದೆ. ಮುಂದೆ ಪಿಎಫ್ ಇರುವ ಕೆಲಸದಲ್ಲಿ ಮೂರು ವರ್ಷ ಇದ್ದರೆ ಹತ್ತು ತುಂಬುತ್ತದೆ. ಬರುವ ಪಿಂಚಣಿ ಸಣ್ಣದೇ, ಆದರೆ ಅದು ಸಾಯುವವರೆಗೆ ಬರುತ್ತದೆ. ಮುಂದಿನ ಕೆಲಸ ಆರಿಸುವಾಗ ಈ ಮೂರು ವರ್ಷ ತಲೆಯಲ್ಲಿರಲಿ.

ಒಮಾನ್‌ನಲ್ಲಿದ್ದಾಗ ತೆರೆದ ಎನ್‌ಆರ್‌ಇ ಖಾತೆ ಇನ್ನೂ ಹಾಗೇ ಇದೆಯೇ? ಊರಿಗೆ ಬಂದು ನೆಲೆಸಿದ ಮೇಲೆ ಅದನ್ನು ಸಾಮಾನ್ಯ ಖಾತೆಯಾಗಿ ಬದಲಿಸಬೇಕು. ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದು ಅನಿವಾಸಿಯಾಗಿ ಇರುವವರೆಗೆ ಮಾತ್ರ. ಬ್ಯಾಂಕಿಗೆ ಹೋಗಿ ಬದಲಿಸಿ, ಹಳೆಯ ವರ್ಷಗಳ ಬಗ್ಗೆ ಲೆಕ್ಕಪರಿಶೋಧಕರೊಬ್ಬರನ್ನು ಕೇಳಿ. ವಿದೇಶಿ ಸಂಸ್ಥೆಗಳಿಂದ ಬರುವ ಎಡಿಟಿಂಗ್ ಹಣಕ್ಕೆ ಪ್ರತಿವರ್ಷ ತೆರಿಗೆ ರಿಟರ್ನ್ ಸಲ್ಲಿಸಿದ್ದೀರಾ? ಸಲ್ಲಿಸಿದ್ದರೆ ಫ್ರೀಲಾನ್ಸರ್‌ಗೆ ಅದೇ ಸಂಬಳದ ಚೀಟಿ. ನಾಳೆ ಸಾಲಕ್ಕೋ ವೀಸಾಕ್ಕೋ ಅರ್ಜಿ ಹಾಕಿದಾಗ ಬ್ಯಾಂಕಿನವರೂ ದೂತಾವಾಸದವರೂ ಮೊದಲು ಕೇಳುವುದು ಅದನ್ನೇ.

ಆಮೇಲೆ ಅನುಭವದ ಕಾಗದ. ಒಮಾನ್‌ನ ಕಾಲೇಜಿನಿಂದ ‘ಇಂಥ ದಿನದಿಂದ ಇಂಥ ದಿನದವರೆಗೆ, ವಾರಕ್ಕೆ ಇಷ್ಟು ಗಂಟೆ, ಈ ಮಟ್ಟದ ವಿದ್ಯಾರ್ಥಿಗಳಿಗೆ’ ಎಂಬ ಸೇವಾ ಪತ್ರ ತರಿಸಿಕೊಳ್ಳಿ. ಒಮಾನ್‌ನ ಸರಕಾರಿ ತಾಂತ್ರಿಕ ಕಾಲೇಜುಗಳೆಲ್ಲ 2020ರಲ್ಲಿ ಒಂದೇ ವಿಶ್ವವಿದ್ಯಾಲಯದಲ್ಲಿ ವಿಲೀನವಾದವು. ನಿಮ್ಮ ಕಾಲೇಜು ಆ ಪೈಕಿಯದಾದರೆ ಹಳೆಯ ದಫ್ತರ ಸಿಗುವುದು ದಿನಕಳೆದಂತೆ ಕಷ್ಟವಾಗುತ್ತದೆ. ನಿಮ್ಮನ್ನು ಬಲ್ಲ ಮುಖ್ಯಸ್ಥರು ನಿವೃತ್ತರಾಗುವ ಮೊದಲು ಬರೆಸಿಕೊಳ್ಳಿ. ತಿದ್ದಿದ ಪ್ರಬಂಧಗಳಲ್ಲಿ ಎಷ್ಟೋ ಲೇಖಕರು ಕೊನೆಗೆ ಕೃತಜ್ಞತೆ ಹೇಳಿ ಸಂಪಾದಕರ ಹೆಸರು ಹಾಕುತ್ತಾರೆ. ನಿಮ್ಮ ಹೆಸರಿರುವವನ್ನು ಹುಡುಕಿ ಪಟ್ಟಿ ಮಾಡಿ. ಗೋಪ್ಯತೆಯ ಕರಾರು ಇದ್ದರೆ ಹೆಸರು ಬಿಟ್ಟು ‘ಮೆಟೀರಿಯಲ್ ಸೈನ್ಸ್, ಕ್ಲಿನಿಕಲ್ ಮೆಡಿಸಿನ್’ ಎಂದು ವಿಷಯವಾರು ಬರೆದಿಡಿ. ನೀವು ಸಂಪಾದಿಸಿದ ಪಠ್ಯಪುಸ್ತಕಗಳ ಹಕ್ಕುಪುಟದಲ್ಲಿ ಹೆಸರಿದೆಯೇ ನೋಡಿ, ಒಂದೊಂದು ಪ್ರತಿ ತಂದಿಟ್ಟುಕೊಳ್ಳಿ.

ಈಗ ಎಐ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ನಿಮ್ಮ ಕೆಲಸ ಅರ್ಧವಾಯಿತು ಎಂದರೆ, ಹೋದದ್ದು ಯಾವ ಅರ್ಧ ಎಂದು ನೋಡಬೇಕು. ಆರ್ಟಿಕಲ್ ಸೇರಿಸುವುದು, ಕಾಲ ಸರಿಪಡಿಸುವುದು, ವಾಕ್ಯ ನುಣುಪು ಮಾಡುವುದು ಹೋಯಿತು, ಇನ್ನು ವಾಪಸ್ ಬರುವುದಿಲ್ಲ. ಅದಕ್ಕಾಗಿ ಕಾಯಬೇಡಿ, ದರ ಇಳಿಸಿ ಅದನ್ನು ಹಿಂಬಾಲಿಸಲೂ ಬೇಡಿ. ಉಳಿದ ಅರ್ಧ ಬೇರೆಯೇ ಜಾತಿಯದು. ಹನ್ನೆರಡು ರೋಗಿಗಳ ಮೇಲೆ ನಡೆದ ಅಧ್ಯಯನದ ಕೊನೆಗೆ ಲೇಖಕರು ‘ಈ ಔಷಧಿ ಪರಿಣಾಮಕಾರಿ ಎಂದು ಸಾಬೀತಾಗಿದೆ’ ಎಂದು ಬರೆದಿರುತ್ತಾರೆ ಎನ್ನಿ. ಯಂತ್ರಕ್ಕೆ ಕೊಟ್ಟರೆ ಆ ವಾಕ್ಯವನ್ನು ಇನ್ನಷ್ಟು ಸೊಗಸಾಗಿ ಬರೆದುಕೊಡುವ ಸಂಭವವೇ ಹೆಚ್ಚು. ನೀವು ಅಂಚಿನಲ್ಲಿ ಒಂದು ಟಿಪ್ಪಣಿ ಹಾಕುತ್ತೀರಿ: ‘ಇಷ್ಟು ಸಣ್ಣ ಗುಂಪಿನಿಂದ ಸಾಬೀತು ಎನ್ನಬಹುದೇ? ಸೂಚಿಸುತ್ತದೆ ಎಂದರೆ ಸಾಕಲ್ಲವೇ? ಕೋಷ್ಟಕ 2ರಲ್ಲಿ ಹನ್ನೊಂದು ಜನರಿದ್ದಾರೆ, ಒಬ್ಬರು ಎಲ್ಲಿ ಹೋದರು?’ ಆ ಹನ್ನೊಂದನ್ನು ಹಿಡಿದದ್ದಕ್ಕೆ ಲೇಖಕರು ಹಣ ಕೊಡುತ್ತಾರೆ, ಅವರ ಮಾನ ಉಳಿಯುವುದು ಅಲ್ಲಿ. ಪ್ರಕಟಣಾ ನೀತಿಯ ಸಂಸ್ಥೆಗಳೂ 2023ರಿಂದ ಸ್ಪಷ್ಟವಾಗಿ ಹೇಳುತ್ತಿವೆ: ಎಐಯನ್ನು ಲೇಖಕ ಎಂದು ಹೆಸರಿಸುವಂತಿಲ್ಲ, ಬಳಸಿದ್ದರೆ ಹೇಳಬೇಕು, ತಪ್ಪಿಗೆ ಮನುಷ್ಯರೇ ಹೊಣೆ. ಹೊಣೆ ಮನುಷ್ಯರದ್ದಾದರೆ ಅವರಿಗೆ ನಂಬಿಕೆಯ ಇನ್ನೊಂದು ಕಣ್ಣು ಬೇಕಾಗುತ್ತದೆ. ನಿಮ್ಮ ದರಪಟ್ಟಿಯಲ್ಲಿ ‘ಭಾಷಾ ತಿದ್ದುಪಡಿ’ಯನ್ನು ಕೆಳಗಿಳಿಸಿ, ‘ವಾದ ಮತ್ತು ದತ್ತಾಂಶ ಪರಿಶೀಲನೆ’ಯನ್ನು ಮೇಲೆ ತನ್ನಿ.

ಇದೇ ಕೌಶಲಕ್ಕೆ ನಮ್ಮಲ್ಲೇ ಒಂದು ಬಾಗಿಲು ತೆರೆದಿದೆ, ನೀವು ಅದರ ಕಡೆ ನೋಡಿದಂತಿಲ್ಲ. 2019ರ ಕೊನೆಗೆ ಯುಜಿಸಿ ಪಿಎಚ್‌.ಡಿ. ವಿದ್ಯಾರ್ಥಿಗಳೆಲ್ಲರಿಗೂ ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಕೋರ್ಸನ್ನು ಕಡ್ಡಾಯ ಮಾಡಿತು. ಎರಡು ಕ್ರೆಡಿಟ್, 30 ಗಂಟೆ. ಕೃತಿಚೌರ್ಯ, ನಕಲಿ ಜರ್ನಲ್‌ಗಳು, ಲೇಖಕತ್ವದ ಜಗಳ ಎಲ್ಲವೂ ಅದರಲ್ಲಿ ಬರುತ್ತವೆ. ಇದನ್ನು ಕಲಿಸುವವರಲ್ಲಿ ಜರ್ನಲಿನ ಒಳಗಿನ ವ್ಯವಹಾರವನ್ನು ದಿನವೂ ಕಂಡವರು ಅಪರೂಪ. ವಿಮರ್ಶಕರ ಆಕ್ಷೇಪಕ್ಕೆ ಉತ್ತರ ಬರೆಯುವುದು ಹೇಗೆ, ತಿರಸ್ಕೃತ ಪ್ರಬಂಧವನ್ನು ಎರಡನೇ ಜರ್ನಲಿಗೆ ಹೊಂದಿಸುವುದು ಹೇಗೆ ಎಂದು ನೀವು ಹೇಳಿಕೊಟ್ಟಷ್ಟು ಚೆನ್ನಾಗಿ ಹೇಳುವವರು ಶಿವಮೊಗ್ಗ, ದಾವಣಗೆರೆ, ಮಂಗಳೂರಿನ ವಿಭಾಗಗಳಲ್ಲಿ ಎಷ್ಟು ಜನ ಇದ್ದಾರು? ಎರಡು ದಿನದ ಕಾರ್ಯಾಗಾರದ ಒಂದು ಪುಟದ ರೂಪರೇಖೆ ಬರೆದು, ಹತ್ತಿರದ ವಿಶ್ವವಿದ್ಯಾಲಯ, ಕೃಷಿ ಮತ್ತು ವೈದ್ಯಕೀಯ ಕಾಲೇಜುಗಳ ಸಂಶೋಧನಾ ವಿಭಾಗಕ್ಕೆ ಕಳಿಸಿ. ಮೊದಲಿಗೆ ಗೌರವಧನ ಕಡಿಮೆ ಇರುತ್ತದೆ, ಚೆಕ್ ತಡವಾಗಿ ಬರುತ್ತದೆ. ಆದರೂ ಪತ್ರಿಕೆ, ಪಾಠ, ಎಡಿಟಿಂಗ್ ಮೂರೂ ಒಂದೇ ಕೋಣೆಯಲ್ಲಿ ಕೆಲಸಕ್ಕೆ ಬರುವುದು ಇಲ್ಲಿ.

ಖಾಯಂ ಅಧ್ಯಾಪಕಿಯ ಆಸೆ ಇನ್ನೂ ಇದ್ದರೆ ನೆಟ್ ಅಥವಾ ಕೆ-ಸೆಟ್ ಬರೆಯಿರಿ. ಜೆಆರ್‌ಎಫ್‌ಗೆ ವಯೋಮಿತಿ ಇದೆ, ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಇಲ್ಲ. ಸರಕಾರಿ ನೇಮಕಾತಿಯ ವಯಸ್ಸು ದಾಟಿದರೂ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಆ ಅರ್ಹತೆ ನಡೆಯುತ್ತದೆ. ಅಂದಹಾಗೆ, ಆ ಸಂದರ್ಶಕರು ಬಾಯಲ್ಲಿ ಕೇಳಿದ್ದು ‘ನೀವು ಯಾರು’ ಎಂದು, ಮನಸ್ಸಿನಲ್ಲಿ ಇದ್ದದ್ದು ‘ಎಷ್ಟು ದಿನ ಇರುತ್ತೀರಿ’ ಎಂದು. ಮಧ್ಯಾವಧಿಯಲ್ಲಿ ಬಿಟ್ಟುಹೋದರೆ ತರಗತಿಗೆ ಯಾರು ಎಂಬ ಭಯ ಅವರದ್ದು. ‘ಅಮ್ಮ ಇಲ್ಲೇ ಇದ್ದಾರೆ, ಮೂರು ವರ್ಷವಂತೂ ಕದಲುವುದಿಲ್ಲ’ ಎಂದಿದ್ದರೆ ಅರ್ಧ ಸಂದೇಹ ಅಲ್ಲೇ ಕರಗುತ್ತಿತ್ತು.

ವಿದೇಶ ಬೇಡವೇ ಹಾಗಾದರೆ? ಬೇಡ ಎನ್ನುತ್ತಿಲ್ಲ. ಕೋಶ ಓದು, ದೇಶ ಸುತ್ತು ಎಂದವರ ನಾಡು ಇದು. ಆದರೆ ಭಾರತದ ಪಾಸ್‌ಪೋರ್ಟ್ ಹಿಡಿದು ಇಂಗ್ಲಿಷ್ ಕಲಿಸಲು ಹೊರಟವರಿಗೆ ಯಾವ ಬಾಗಿಲು ಎಷ್ಟು ತೆರೆಯುತ್ತದೆ ಎಂಬುದು ಗೊತ್ತಿರಲಿ. ದಕ್ಷಿಣ ಕೊರಿಯಾದ ಇಂಗ್ಲಿಷ್ ಶಿಕ್ಷಕರ ವೀಸಾ ಮೂಲತಃ ಏಳು ದೇಶಗಳವರಿಗೆ: ಅಮೆರಿಕ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದಿಂದ ಭಾರತೀಯರಿಗೂ ಕಿಂಡಿಯೊಂದು ತೆರೆಯಿತು, ಆದರೆ ಅದಕ್ಕೆ ಇಂಗ್ಲಿಷ್ ಪದವಿಯ ಜೊತೆ ಶಿಕ್ಷಕರ ಅರ್ಹತಾ ಪತ್ರ ಬೇಕು. ನಿಮ್ಮಲ್ಲಿ ಬಿ.ಇಡಿ. ಇದ್ದಂತಿಲ್ಲ. ಜಪಾನಿನ ಶಾಲೆಗಳಲ್ಲಿ ಭಾಷೆ ಕಲಿಸುವ ವೀಸಾಕ್ಕೆ ಆ ಭಾಷೆಯ ಮಾಧ್ಯಮದಲ್ಲೇ 12 ವರ್ಷ ಓದಿರಬೇಕೆಂಬ ನಿಯಮವಿದೆ. ಪಿಯುಸಿಯಿಂದ ಎಂ.ಎ.ವರೆಗೆ ಕೂಡಿದರೂ ನಿಮ್ಮದು ಏಳು. ಚೀನಾ ಕೂಡ ಇಂಗ್ಲಿಷ್ ಮಾತೃಭಾಷೆಯ ದೇಶಗಳ ಪ್ರಜೆಗಳನ್ನೋ ಅಲ್ಲಿ ಪದವಿ ಪಡೆದವರನ್ನೋ ಕೇಳುತ್ತದೆ. ಸಾಲದ್ದಕ್ಕೆ 2021ರ ಜುಲೈನಲ್ಲಿ ಖಾಸಗಿ ಟ್ಯೂಷನ್ ಮೇಲೆ ಸರಕಾರ ಕಡಿವಾಣ ಹಾಕಿದಾಗ ಹೊರದೇಶದಲ್ಲಿ ಕೂತು ಅಲ್ಲಿನ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತಿದ್ದ ಸಾವಿರಾರು ಜನರ ಕೆಲಸ ಒಮ್ಮೆಲೇ ಹೋಯಿತು. ಕೊಲ್ಲಿ ದೇಶಗಳ ಕಾಲೇಜುಗಳು ನಿಮಗೆ ಪರಿಚಿತ. ಅಲ್ಲಿ ಭಾರತೀಯ ಅಧ್ಯಾಪಕರಿಗೆ ಹೆಸರಿದೆ, ಸ್ಥಳೀಯರನ್ನು ನೇಮಿಸುವ ಒತ್ತಡವೂ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ವಿಯೆಟ್ನಾಂ, ಥಾಯ್ಲೆಂಡ್ ಪದವಿ ಮತ್ತು ಸರ್ಟಿಫಿಕೇಟ್ ಇರುವ ಭಾರತೀಯರನ್ನು ತೆಗೆದುಕೊಳ್ಳುತ್ತವೆ, ಸಂಬಳದಲ್ಲಿ ಮಾತ್ರ ಬಿಳಿ ಚರ್ಮಕ್ಕೊಂದು ನಮಗೊಂದು ಎಂಬ ಭೇದ ಹಲವು ಕೇಂದ್ರಗಳಲ್ಲಿದೆ. ಅದನ್ನು ತಿಳಿದೇ ಹೋಗಬೇಕು.

ಹೋಗುವುದಾದರೆ ಮೊದಲು ಸರ್ಟಿಫಿಕೇಟ್ ಮಾಡಿ, ಒಳ್ಳೆಯದನ್ನೇ ಮಾಡಿ. ಕೆಲವು ಸಾವಿರಕ್ಕೆ ಮನೆಯಲ್ಲೇ ಕೂತು ಒತ್ತಿ ಮುಗಿಸುವ 120 ಗಂಟೆಯ ಟೆಫಲ್ ಕೋರ್ಸುಗಳು ಸಾಲುಸಾಲಾಗಿ ಇವೆ. ಕೇಂಬ್ರಿಜ್‌ನ ಸೆಲ್ಟಾದಲ್ಲಿ ನಿಜವಾದ ವಿದ್ಯಾರ್ಥಿಗಳ ಎದುರು ಕನಿಷ್ಠ ಆರು ಗಂಟೆ ಪಾಠ ಮಾಡಬೇಕು, ಹಿಂದೆ ಕೂತವರು ನಿಮ್ಮ ಪಾಠವನ್ನು ಬರೆದು ವಿಮರ್ಶಿಸುತ್ತಾರೆ. ದುಬಾರಿ, ಆದರೆ ನೇಮಕ ಮಾಡುವವರಿಗೆ ಅದರ ಬೆಲೆ ಗೊತ್ತು. ಪರ್ಮಿಟ್ ಕೈಗೆ ಬಂದ ಮೇಲೆ ಹೊರಡಿ, ಎರಡು ವರ್ಷದ ಒಂದು ಒಪ್ಪಂದಕ್ಕೆ, ಇಂತಿಷ್ಟು ಉಳಿಸಿಕೊಂಡು ಬರುತ್ತೇನೆ ಎಂಬ ಲೆಕ್ಕ ಬರೆದಿಟ್ಟು. ಅಣ್ಣನ ಮಾತು ಕೇಳಲಾಗದೆ ಹೋಗುವುದಾದರೆ ಬೇಡ. ಹೋ ಚಿ ಮಿನ್ ನಗರದಲ್ಲೂ ಫೋನ್ ರಿಂಗಾಗುತ್ತದೆ.

ಅಮ್ಮನ ವಿಷಯ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಣ್ಣ ಪಕ್ಕದಲ್ಲಿದ್ದರೂ ಆಸ್ಪತ್ರೆಗೆ ಕರೆದೊಯ್ಯುವುದು, ಮಾತ್ರೆ ತರುವುದು ಇಷ್ಟು ವರ್ಷ ಯಾರ ಪಾಲಿಗಿತ್ತು ಎಂದು ಊಹಿಸಬಲ್ಲೆ. ಮದುವೆಯಾಗದ ಮಗಳ ಈ ದುಡಿಮೆ ಮನೆಯ ಯಾವ ಲೆಕ್ಕದಲ್ಲೂ ಬರುವುದಿಲ್ಲ, ಬಯೋಡೇಟಾದಲ್ಲಿ ಅದು ‘ಗ್ಯಾಪ್’ ಎಂದಾಗುತ್ತದೆ. ಅಣ್ಣನ ಜೊತೆ ಕೂತು, ನೀವು ಊರಲ್ಲಿದ್ದರೂ ಇಲ್ಲದಿದ್ದರೂ ಅಮ್ಮನ ಖರ್ಚು ಮತ್ತು ಓಡಾಟ ಹೇಗೆ ಹಂಚಿಕೆಯಾಗಬೇಕು ಎಂದು ಬಾಯಿಬಿಟ್ಟು ಮಾತಾಡಿ. ತೋಟದಲ್ಲಿ ನಿಮ್ಮ ಪಾಲು ಏನು ಎಂಬುದೂ ಅದೇ ದಿನ ಸ್ಪಷ್ಟವಾಗಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕೊಟ್ಟಿದೆ. ಜಗಳಕ್ಕಾಗಿ ಹೇಳುತ್ತಿಲ್ಲ. ನೆಲ ಹಾಕುವವರು ತಮ್ಮ ಜಾಗದ ಅಳತೆ ತಿಳಿದಿರಬೇಕು.

ಕೊನೆಗೆ ಆ ಅನುವಾದಗಳು. ಬಾನು ಮುಷ್ತಾಕ್ ಅವರ ಕತೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಮೇಲೆ ಕನ್ನಡದ ಸಣ್ಣಕತೆಯತ್ತ ಹೊರಗಿನವರ ಗಮನ ಹರಿದಿದೆ. ಇದು ಒಳ್ಳೆಯ ಕಾಲ. ಆದರೆ ಅನುವಾದದಿಂದ ಮನೆ ನಡೆಯುತ್ತದೆ ಎಂದು ಎಣಿಸಬೇಡಿ, ಅದಕ್ಕೆ ಬೇರೆ ಆದಾಯ ಬೇಕು. ಮೂಲ ಲೇಖಕರಿಂದ ಅಥವಾ ಅವರ ಕುಟುಂಬದಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಇಲ್ಲದಿದ್ದರೆ ಎಷ್ಟು ಚೆನ್ನಾಗಿದ್ದರೂ ಪ್ರಕಾಶಕರು ಮುಟ್ಟುವುದಿಲ್ಲ. ಅತ್ಯುತ್ತಮ ಎನಿಸಿದ ಒಂದೇ ಕತೆಯನ್ನು ಇಂಗ್ಲಿಷ್ ಸಾಹಿತ್ಯ ಪತ್ರಿಕೆಯೊಂದಕ್ಕೆ ಕಳಿಸಿ. ಇಷ್ಟು ವರ್ಷ ಪರರ ಬರಹಕ್ಕೆ ಸೇರಿದ ನಿಮ್ಮ ಶ್ರಮದ ಮೇಲೆ ಹೆಸರಿರಲಿಲ್ಲ. ಒಂದರ ಮೇಲಾದರೂ ಇರಲಿ.

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ, ಕ್ರಮ ಹೀಗಿರಲಿ. ಈ ವಾರ ವಿಯೆಟ್ನಾಂಗೆ ಉತ್ತರ ಕಳಿಸಿ. ಈ ತಿಂಗಳು ಪಿಎಫ್ ಕಚೇರಿಗೆ ಹೋಗಿ, ಒಮಾನ್‌ಗೆ ಸೇವಾ ಪತ್ರಕ್ಕಾಗಿ ಬರೆಯಿರಿ. ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವ ಮೊದಲು ಕಾರ್ಯಾಗಾರದ ರೂಪರೇಖೆ ಕನಿಷ್ಠ ಐದು ಕಡೆ ತಲುಪಿರಲಿ. ಸೆಲ್ಟಾ, ನೆಟ್, ವಿದೇಶ ಎಲ್ಲವೂ ಅದರ ನಂತರ. ಅಲ್ಲಿಯವರೆಗೆ ಅಣ್ಣ ಮತ್ತೆ ಮುತ್ತಿನ ಮಾತು ತೆಗೆದರೆ, ಈ ವರ್ಷ ಮೆಣಸು ಎಷ್ಟಕ್ಕೆ ಹೋಯಿತು ಎಂದು ಕೇಳಿ.